ಕಿವಿಗಾಗಿ ಕಟ್ಟಿದ ಮಾತು: ರಾಜಕೀಯ ಭಾಷಣದೊಳಗಿನ ಕಾವ್ಯ

(ಉಪನ್ಯಾಸವನ್ನು ಬರಹಕ್ಕೆ ಇಳಿಸುವಾಗ ಕೆಲವು ವಾಕ್ಯಗಳನ್ನು ಸರಿಪಡಿಸಿದ್ದೇನೆ. ಸಮಯ ಸಾಲದೆ ಬಿಟ್ಟಿದ್ದ ಒಂದೆರಡು ವಿಷಯಗಳನ್ನು ಸೇರಿಸಿದ್ದೇನೆ. ಉಳಿದದ್ದು ಅಂದು ಮಾತಾಡಿದ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ರಾಜಕೀಯ ಭಾಷಣದಲ್ಲಿ ಕಾವ್ಯ ಅಂದ ಕೂಡಲೇ ನಮಗೆ ನೆನಪಾಗುವುದು ಮಾತಿನ ನಡುವೆ ಒಂದು ಪದ್ಯ ಹೇಳಿ ಚಪ್ಪಾಳೆ ಗಿಟ್ಟಿಸುವವರು. ಬಜೆಟ್ ಮಂಡನೆಗೆ ಒಂದು ವಚನ, ಉದ್ಘಾಟನೆಗೆ ಒಂದು ದಾಸರ ಪದ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದು ಎರವಲು ತಂದ ಕಾವ್ಯ. ಎರವಲು ತರದೆ, ಭಾಷಣ ತಾನೇ ಪದ್ಯದ ಹಾಗೆ ಕೆಲಸ ಮಾಡುವುದುಂಟು. ಇವತ್ತು ಅದರ ಬಗ್ಗೆ ಮಾತಾಡುತ್ತೇನೆ.

ಓದುವವರಿಗೆ ಪುಟ ಹಿಂದಕ್ಕೆ ತಿರುಗಿಸುವ ಅನುಕೂಲ ಇದೆ. ಕೇಳುವವರಿಗೆ ಅದಿಲ್ಲ. ಮಾತು ಒಂದೇ ಸಲ ಕಿವಿಗೆ ಬೀಳುತ್ತದೆ, ದಾಟಿ ಹೋಗುತ್ತದೆ. ಹಾಗಾಗಿ ಕಿವಿಗಾಗಿ ಕಟ್ಟಿದ ಕಾವ್ಯವೆಲ್ಲ ಒಂದು ಉಪಾಯ ಮಾಡಿಕೊಂಡಿದೆ. ಹೇಳಿದ್ದನ್ನು ಮತ್ತೆ ಹೇಳುವುದು. ನಮ್ಮ ತತ್ವಪದಗಳನ್ನು ನೋಡಿ. ಪ್ರತಿ ಚರಣ ಮುಗಿದ ಮೇಲೆ ಪಲ್ಲವಿ ವಾಪಸ್ ಬರುತ್ತದೆ. ಅಕ್ಷರಗಳು ಅವೇ, ರಾಗವೂ ಅದೇ. ಆದರೆ ನಡುವೆ ನಾವೊಂದು ಚರಣ ಕೇಳಿ ಬಂದಿರುತ್ತೇವೆ. ಹಾಗಾಗಿ ಅದೇ ಪಲ್ಲವಿಗೆ ಈಗ ಬೇರೆ ತೂಕ.

ದೊಡ್ಡ ಭಾಷಣಗಳ ಕಾವ್ಯ ಇರುವುದು ಇಲ್ಲಿ ಅಂತ ನನ್ನ ನಂಬಿಕೆ. ಚಂದದ ಉಪಮೆ, ಪ್ರಾಸ, ದೊಡ್ಡ ಶಬ್ದ ಇವೆಲ್ಲ ಆಮೇಲಿನ ಮಾತು. ಒಂದು ಮಾತು ಮರಳಿ ಬರಬೇಕು, ಬರುವಾಗೆಲ್ಲ ಅದರ ಭಾರ ಬದಲಾಗಿರಬೇಕು. ಭಾರ ಬದಲಾಗದೆ ಸುಮ್ನೆ ಮರಳಿ ಬಂದರೆ ಅದು ಘೋಷಣೆ. ಇದನ್ನು ಕೆಲವು ಭಾಷಣಗಳ ಒಳಹೊಕ್ಕು ನೋಡೋಣ.

ಮೊದಲು ಲಿಂಕನ್. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಗೆಟ್ಟಿಸ್‌ಬರ್ಗ್ ಅಂತ ಒಂದು ಊರು. ಗುಲಾಮಗಿರಿಯ ವಿಷಯವಾಗಿ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ಎದ್ದ ಅಂತರ್ಯುದ್ಧದಲ್ಲಿ, 1863ರ ಜುಲೈ 1ರಿಂದ 3ರವರೆಗೆ ಅಲ್ಲಿ ಭಾರಿ ಕಾಳಗ ನಡೆಯಿತು. ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು, ಕಾಣೆಯಾದವರು, ಎರಡೂ ಕಡೆಯವರನ್ನು ಸೇರಿಸಿದರೆ ಸುಮಾರು 50,000 ಮಂದಿ. ಮಡಿದ ಸೈನಿಕರಿಗಾಗಿ ಅಲ್ಲೇ ಒಂದು ಸ್ಮಶಾನ ಮಾಡಿ, ಅದೇ ವರ್ಷ ನವೆಂಬರ್ 19ರಂದು ಅದನ್ನು ಅರ್ಪಿಸುವ ಕಾರ್ಯಕ್ರಮ ಇಟ್ಟುಕೊಂಡರು. ಅವತ್ತಿನ ಮುಖ್ಯ ಭಾಷಣಕಾರ ಲಿಂಕನ್ ಅಲ್ಲ, ಎಡ್ವರ್ಡ್ ಎವರೆಟ್. ಆ ಕಾಲದ ಹೆಸರಾಂತ ವಾಗ್ಮಿ. ಅವರು ಸುಮಾರು ಎರಡು ಗಂಟೆ ಮಾತಾಡಿದರು. ಆಮೇಲೆ ಅಧ್ಯಕ್ಷ ಲಿಂಕನ್ ಎದ್ದು ನಿಂತು ಹತ್ತು ವಾಕ್ಯ ಹೇಳಿ ಕೂತರು. ಎಲ್ಲ ಸೇರಿ 270 ಪದಗಳ ಆಸುಪಾಸು.

ಆ ಹತ್ತು ವಾಕ್ಯಗಳಲ್ಲಿ ಒಂದು ಕ್ರಿಯಾಪದ ಆರು ಸಲ ಬರುತ್ತದೆ. ಮುಡಿಪಾಗಿಡುವುದು. ಮೊದಲ ವಾಕ್ಯದಲ್ಲಿ ಮುಡಿಪಾಗಿರುವುದು ಒಂದು ದೇಶ. ಎಂಬತ್ತೇಳು ವರ್ಷಗಳ ಹಿಂದೆ ನಮ್ಮ ಹಿರಿಯರು ಈ ನೆಲದಲ್ಲಿ ಒಂದು ಹೊಸ ರಾಷ್ಟ್ರವನ್ನು ಹೆತ್ತರು, ಎಲ್ಲ ಮನುಷ್ಯರೂ ಸಮಾನರು ಎಂಬ ಮಾತಿಗೆ ಅದು ಮುಡಿಪಾಗಿತ್ತು ಅನ್ನುತ್ತಾರೆ. ಎರಡನೆಯ ವಾಕ್ಯದಲ್ಲಿ, ಹಾಗೆ ಮುಡಿಪಾದ ದೇಶ ಬಹುಕಾಲ ಬಾಳೀತೇ ಎಂಬ ಅನುಮಾನ. ಆಮೇಲೆ ಆ ಮಾತು ಕಾಲ ಕೆಳಗಿನ ಮಣ್ಣಿಗೆ ಇಳಿಯುತ್ತದೆ. ಈ ಯುದ್ಧಭೂಮಿಯ ಒಂದು ತುಂಡನ್ನು ಮುಡಿಪಾಗಿಡಲು ಬಂದಿದ್ದೇವೆ ಅನ್ನುತ್ತಾರೆ. ಅನ್ನುತ್ತಲೇ ಅದನ್ನು ವಾಪಸ್ ಪಡೆಯುತ್ತಾರೆ. ಇಲ್ಲ, ಈ ನೆಲವನ್ನು ಮುಡಿಪಾಗಿಡಲು ನಮ್ಮಿಂದ ಆಗದು, ಪಾವನ ಮಾಡಲು ಆಗದು, ಪೂಜ್ಯ ಮಾಡಲು ಆಗದು. ಇಲ್ಲಿ ಹೋರಾಡಿದವರು ಆ ಕೆಲಸವನ್ನು ಆಗಲೇ ಮಾಡಿಬಿಟ್ಟಿದ್ದಾರೆ. ಮುಡಿಪಾಗಬೇಕಾದವರು ಬದುಕಿರುವ ನಾವು, ಉಳಿದಿರುವ ಕೆಲಸಕ್ಕೆ.

ಯಾವ ಕೆಲಸಕ್ಕೆಂದು ಜನ ಸೇರಿದ್ದರೋ ಅದು ನಮ್ಮ ಕೈಲಾಗದು ಅಂತ ವೇದಿಕೆಯ ಮೇಲೆ ನಿಂತೇ ಹೇಳಿದರು. ನೆಲಕ್ಕೆ ಅರ್ಪಿಸಬೇಕಿದ್ದ ಹೂವನ್ನು ತಿರುಗಿಸಿ ಕೇಳುಗರ ತಲೆಯ ಮೇಲೆ ಹೊಣೆಯಾಗಿ ಇಟ್ಟರು. ಕೇಳುತ್ತ ನಿಂತವನಿಗೆ ಈ ಲೆಕ್ಕ ಗೊತ್ತಾಗುವುದಿಲ್ಲ. ಆದರೆ ಆರನೆಯ ಸಲ ಆ ಪದ ಕಿವಿಗೆ ಬಿದ್ದಾಗ ಅದು ತನ್ನ ಮೇಲೇ ಬಂದು ಕೂತಿದೆ ಅಂತ ಅವನಿಗೆ ಅನ್ನಿಸುತ್ತದೆ.

ಇನ್ನೊಂದನ್ನೂ ಗಮನಿಸಿ. ಸಂದರ್ಭ ಸ್ಮಶಾನದ್ದು, ಆದರೆ ಭಾಷಣ ಶುರುವಾಗುವುದು ಹೆರಿಗೆಯ ಮಾತಿನಿಂದ. ಮುಗಿಯುವುದು ಸ್ವಾತಂತ್ರ್ಯದ ‘ಹೊಸ ಹುಟ್ಟಿ’ನಲ್ಲಿ. ನಡುವೆ ಸಾವು. ಲಿಂಕನ್ ಶಾಲೆಗೆ ಹೋದದ್ದು ಎಲ್ಲ ಸೇರಿ ಒಂದು ವರ್ಷವೂ ಇಲ್ಲ. ಬೈಬಲ್ಲಿನ ಲಯ ಬಾಯಲ್ಲಿತ್ತು, ಶೇಕ್ಸ್‌ಪಿಯರ್ ಬಾಯಿಪಾಠ ಇತ್ತು. ಮರುದಿನ ಲಿಂಕನ್‌ಗೆ ಎವರೆಟ್ ಒಂದು ಕಾಗದ ಬರೆದರು. ಈ ಸಂದರ್ಭದ ತಿರುಳಿಗೆ ನೀವು ಎರಡು ನಿಮಿಷದಲ್ಲಿ ಎಷ್ಟು ಹತ್ತಿರ ಹೋದಿರೋ, ನಾನು ಎರಡು ಗಂಟೆಯಲ್ಲಿ ಅಷ್ಟು ಹತ್ತಿರ ಹೋಗಿದ್ದರೆ ಧನ್ಯ ಅನ್ನುವ ಅರ್ಥದ ಕಾಗದ. ಅದನ್ನು ಬರೆಯುವುದಕ್ಕೂ ದೊಡ್ಡ ಮನಸ್ಸು ಬೇಕು.

ಇನ್ನು ಎರಡನೆಯ ಮಹಾಯುದ್ಧದ ಕಾಲದ ಬ್ರಿಟನ್ ಪ್ರಧಾನಿ ಚರ್ಚಿಲ್. ಅವರ ಬಗ್ಗೆ ಮಾತಾಡುವಾಗ ನನಗೆ ಕಷ್ಟವಾಗುತ್ತದೆ. 1943ರ ಬಂಗಾಳದ ಕ್ಷಾಮವನ್ನು ಮರೆತು ಆ ಮನುಷ್ಯನನ್ನು ಹೊಗಳಲು ಭಾರತೀಯರಿಗೆ ಆಗುವುದಿಲ್ಲ, ಆಗಬಾರದು ಕೂಡ. ಅವರು ಹೇಳಿದ ಸ್ವಾತಂತ್ರ್ಯದಲ್ಲಿ ನಮಗೆ ಪಾಲಿರಲಿಲ್ಲ. ಆದರೂ 1940ರ ಜೂನ್ 4ರಂದು ಬ್ರಿಟನ್ನಿನ ಸಂಸತ್ತಿನಲ್ಲಿ ಅವರಾಡಿದ ಮಾತಿನ ಕಟ್ಟು ನೋಡಲೇಬೇಕಾದದ್ದು. ಫ್ರಾನ್ಸಿನ ಡನ್‌ಕರ್ಕ್ ಕಡಲತೀರದಿಂದ ಸುಮಾರು 3,38,000 ಸೈನಿಕರು ಜರ್ಮನ್ನರ ಮುತ್ತಿಗೆ ತಪ್ಪಿಸಿಕೊಂಡು, ಜೀವ ಉಳಿಸಿಕೊಂಡು ಬಂದಿದ್ದರು. ಜನ ಅದನ್ನು ಗೆಲುವು ಅಂದುಕೊಂಡಿದ್ದರು. ಜಾಗ ಖಾಲಿ ಮಾಡಿ ಬಂದರೆ ಯುದ್ಧ ಗೆದ್ದ ಹಾಗಲ್ಲ ಅಂತ ಚರ್ಚಿಲ್ ಅದೇ ಭಾಷಣದಲ್ಲಿ ನೇರವಾಗಿ ಹೇಳಿದರು.

ಕೊನೆಯಲ್ಲಿ ಆ ಪ್ರಸಿದ್ಧ ಸಾಲುಗಳು. ‘ನಾವು ಹೋರಾಡುತ್ತೇವೆ’ ಅನ್ನುವುದು ಏಳು ಸಲ. ಎಲ್ಲೆಲ್ಲಿ ಅಂತ ಕ್ರಮವಾಗಿ ನೋಡಿ. ಫ್ರಾನ್ಸಿನಲ್ಲಿ, ಸಮುದ್ರಗಳ ಮೇಲೆ, ಆಕಾಶದಲ್ಲಿ. ಆಮೇಲೆ ಕಡಲತೀರದಲ್ಲಿ, ಶತ್ರು ಬಂದಿಳಿಯುವ ಬಯಲಿನಲ್ಲಿ, ಹೊಲ ಬೀದಿಗಳಲ್ಲಿ, ಬೆಟ್ಟಗಳಲ್ಲಿ. ನಕ್ಷೆ ಹರಡಿಕೊಂಡು ಬೆರಳಿಟ್ಟು ಹೋದರೆ ಇದು ಪೂರ್ತಿ ಹಿಮ್ಮೆಟ್ಟುವ ದಾರಿ! ಒಂದೊಂದು ಸಾಲಿಗೂ ಶತ್ರು ಒಂದೊಂದು ಹೆಜ್ಜೆ ಒಳಗೆ ಬರುತ್ತಿದ್ದಾನೆ. ಫ್ರಾನ್ಸ್ ಹೋಯಿತು, ಕಡಲು ಹೋಯಿತು, ಊರೊಳಗೆ ಬಂದ, ಕೊನೆಗೆ ಇವರು ಗುಡ್ಡ ಹತ್ತಿದ್ದಾರೆ. ಆದರೆ ಕೇಳುವವರಿಗೆ ಸೋಲಿನ ಭಾವ ಬರುವುದಿಲ್ಲ. ನೆಲ ಹಿಂದೆ ಸರಿದಷ್ಟೂ ದನಿ ಮುಂದೆ ಹೋಗುತ್ತದೆ. ಕೆಟ್ಟ ಸುದ್ದಿಯನ್ನು ಮುಚ್ಚಿಡದೆ ಅದರಿಂದಲೇ ಧೈರ್ಯ ತುಂಬಿದ ಕಸುಬುಗಾರಿಕೆ ಇದು.

ಚರ್ಚಿಲ್ ಭಾಷಣದ ಹಾಳೆಗಳನ್ನು ಅವರ ಕಚೇರಿಯವರು ಟೈಪ್ ಮಾಡುತ್ತಿದ್ದದ್ದು ಗದ್ಯದ ಹಾಗಲ್ಲ. ಸಾಲುಗಳನ್ನು ಉಸಿರು ನಿಲ್ಲುವ ಕಡೆ ಮುರಿದು, ಒಳಗೆ ಸರಿಸಿ, ಬೈಬಲ್ಲಿನ ಕೀರ್ತನೆಗಳ ಹಾಗೆ ಜೋಡಿಸುತ್ತಿದ್ದರು. ಹಾಳೆ ನೋಡಿದರೆ ಕವಿತೆಯೇ ಅನ್ನಿಸಬೇಕು. ಅಂದಹಾಗೆ, ಆ ಜೂನ್ 4ರ ಮಾತನ್ನು ದೇಶದ ಜನ ಅಂದು ಅವರ ಬಾಯಿಂದ ಕೇಳಲಿಲ್ಲ. ಬಿಬಿಸಿಯಲ್ಲಿ ವಾರ್ತೆ ಓದುವವರು ಅದರ ಭಾಗಗಳನ್ನು ಓದಿದರು. ನಾವೀಗ ಕೇಳುವ ಧ್ವನಿಮುದ್ರಣ ಅವರು 1949ರಲ್ಲಿ ಮಾಡಿಕೊಟ್ಟದ್ದು. ಬೇರೆಯವರ ಬಾಯಲ್ಲೂ ಆ ಸಾಲುಗಳು ನಿಂತವು ಅಂದರೆ ಶಕ್ತಿ ಕಟ್ಟಿನಲ್ಲೇ ಇತ್ತು ಅಂತಾಯಿತು, ಅಲ್ವಾ?

1963ರ ಆಗಸ್ಟ್ 28. ವಾಷಿಂಗ್ಟನ್ನಿನ ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ, ಕರಿಯರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಮಾರ್ಟಿನ್ ಲೂಥರ್ ಕಿಂಗ್. ಎದುರಿಗೆ ಸುಮಾರು ಎರಡೂವರೆ ಲಕ್ಷ ಜನ. ‘ಐ ಹ್ಯಾವ್ ಎ ಡ್ರೀಮ್’ ಭಾಗ ಎಲ್ಲರಿಗೂ ಗೊತ್ತು. ಬರೆದು ತಂದ ಪ್ರತಿಯಲ್ಲಿ ಅದು ಇರಲಿಲ್ಲ. ಆ ಕನಸಿನ ಮಾತನ್ನು ಅವರು ಮೊದಲೂ ಆಡಿದ್ದರು, ಅದೇ ಜೂನ್‌ನಲ್ಲಿ ಡೆಟ್ರಾಯಿಟ್‌ನಲ್ಲಿ ಕೂಡ. ವೇದಿಕೆಯ ಹತ್ತಿರ ಕೂತಿದ್ದ ಗಾಯಕಿ ಮಹಾಲಿಯಾ ಜಾಕ್ಸನ್, ಆ ಕನಸಿನ ವಿಷಯ ಹೇಳಿ ಅಂತ ಕೂಗಿದರು. ಕಿಂಗ್ ಹಾಳೆ ಬಿಟ್ಟು ಮಾತಿಗೆ ಇಳಿದರು. ಕರಿಯರ ಚರ್ಚುಗಳಲ್ಲಿ ಬೋಧಕ ಒಂದು ಮಾತು ಆಡಿದರೆ ಸಭೆ ಓಗೊಡುವ ಸಂಪ್ರದಾಯ ಇದೆ. ಕಿಂಗ್ ಅಲ್ಲೇ ಬೆಳೆದವರು. ಕೂಗು ಬಂದಾಗ ಅವರಿಗೆ ಅದು ಅಡ್ಡಿಯಾಗಲಿಲ್ಲ, ಎತ್ತಿಕೊಟ್ಟ ಪದವಾಯಿತು.

ಕನಸಿನ ಭಾಗ ಎಷ್ಟು ಪ್ರಸಿದ್ಧವಾಯಿತೆಂದರೆ ಅದರ ಮುಂದಿನದು ಮರೆಯಾಗಿದೆ. ನನಗೆ ಅದೇ ಜಾಸ್ತಿ ಇಷ್ಟ. ‘ಸ್ವಾತಂತ್ರ್ಯದ ಗಂಟೆ ಮೊಳಗಲಿ’ ಅನ್ನುವ ಅರ್ಥದ ಪಲ್ಲವಿ ಅಲ್ಲಿ ಶುರುವಾಗುತ್ತದೆ. ಮೊದಲು ಮೊಳಗುವುದು ನ್ಯೂ ಹ್ಯಾಂಪ್‌ಷೈರ್, ನ್ಯೂಯಾರ್ಕ್, ಪೆನ್ಸಿಲ್ವೇನಿಯಾಗಳ ಬೆಟ್ಟಗಳಿಂದ. ಆಮೇಲೆ ಕೊಲರಾಡೋ, ಕ್ಯಾಲಿಫೋರ್ನಿಯಾ. ದೇಶಭಕ್ತಿ ಗೀತೆಯಲ್ಲಿ ಬರುವಂಥ ಹೆಸರುಗಳು, ಯಾರಿಗೂ ತಕರಾರಿಲ್ಲ. ಅಷ್ಟರಲ್ಲಿ ಅವರು ದಕ್ಷಿಣಕ್ಕೆ ತಿರುಗುತ್ತಾರೆ. ಅಷ್ಟೇ ಅಲ್ಲ, ಜಾರ್ಜಿಯಾದ ಸ್ಟೋನ್ ಮೌಂಟನ್‌ನಿಂದಲೂ ಮೊಳಗಲಿ! ಆ ಸ್ಟೋನ್ ಮೌಂಟನ್ ಬೆಟ್ಟದ ಮೇಲೆಯೇ 1915ರಲ್ಲಿ ಕು ಕ್ಲಕ್ಸ್ ಕ್ಲಾನ್ ಅನ್ನುವ ಬಿಳಿಯರ ಜನಾಂಗದ್ವೇಷಿ ಗುಂಪು ಮತ್ತೆ ಹುಟ್ಟಿದ್ದು. ಕರಿಯರನ್ನು ಕೊಂದು ಮರಕ್ಕೆ ನೇತುಹಾಕುತ್ತಿದ್ದವರ ಕಾಲದ ಬೆಟ್ಟ. ಆಮೇಲೆ ಟೆನೆಸ್ಸಿಯ ಲುಕ್ಔಟ್ ಮೌಂಟನ್, ಕೊನೆಗೆ ಮಿಸಿಸಿಪ್ಪಿಯ ಪ್ರತಿ ಗುಡ್ಡ, ಪ್ರತಿ ಮಣ್ಣಿನ ಗುಪ್ಪೆ. ಪಲ್ಲವಿ ಒಂದಕ್ಷರವೂ ಬದಲಾಗಿಲ್ಲ. ಜಾಗ ಬದಲಾಗಿದೆ ಅಷ್ಟೇ. ಆದರೆ ನ್ಯೂಯಾರ್ಕಿನಲ್ಲಿ ಹಾರೈಕೆಯಾಗಿದ್ದ ಮಾತು ಜಾರ್ಜಿಯಾಕ್ಕೆ ಬರುವಷ್ಟರಲ್ಲಿ ಸವಾಲಾಗಿದೆ. ಬೈಗುಳ ಇಲ್ಲ, ಆರೋಪ ಇಲ್ಲ, ಊರ ಹೆಸರು ಮಾತ್ರ. ಆ ಹೆಸರು ಕೇಳಿದ ಕರಿಯ ಜನರಿಗೆ ಮೈ ಜುಮ್ಮೆಂದಿರಬೇಕು.

ನಮ್ಮ ಕಡೆಗೆ ಬರೋಣ. ನೆಹರೂ ಅಂದರೆ ಎಲ್ಲರೂ 1947ರ ಆಗಸ್ಟ್ 14ರ ರಾತ್ರಿಯ ಭಾಷಣವನ್ನು ಹೇಳುತ್ತಾರೆ. ಒಳ್ಳೆಯ ಭಾಷಣವೇ. ನಡುರಾತ್ರಿ ಗಂಟೆ ಹೊಡೆಯುವಾಗ, ಜಗತ್ತು ಮಲಗಿರುವಾಗ, ಭಾರತ ಎಚ್ಚರಗೊಳ್ಳುತ್ತದೆ ಅಂದರು. ಆ ಹೊತ್ತಿಗೆ ಲಂಡನ್ನಿನಲ್ಲಿ ಇನ್ನೂ ಸಂಜೆ, ಅಮೆರಿಕದಲ್ಲಿ ಹಗಲು ಅಂತ ತಪ್ಪು ಹುಡುಕುವವರಿದ್ದಾರೆ. ಗಡಿಯಾರ ನೋಡಿ ಕವಿತೆ ತಿದ್ದುವ ಕೆಲಸ ಅದು. ನಾನು ಮೆಚ್ಚುವುದು ಅದರ ಹಿಂದಿನ ವಾಕ್ಯವನ್ನು. ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಹೊತ್ತು ಬಂದಿದೆ, ಪೂರ್ತಿಯಾಗಿ ಅಲ್ಲ, ಆದರೆ ಬಹುಮಟ್ಟಿಗೆ ಅನ್ನುತ್ತಾರೆ. ದೇಶ ಎರಡಾಗಿತ್ತು. ಅಂಥ ಸಂಭ್ರಮದಲ್ಲೂ ‘ಪೂರ್ತಿಯಾಗಿ ಅಲ್ಲ’ ಅನ್ನುವುದನ್ನು ನುಂಗದೆ ಹೇಳಿದರು.

ಆದರೆ ನನ್ನ ಮಟ್ಟಿಗೆ ನೆಹರೂ ಅವರ ದೊಡ್ಡ ಭಾಷಣ ಅದಲ್ಲ. 1948ರ ಜನವರಿ 30ರ ಸಂಜೆ ಆಕಾಶವಾಣಿಯಲ್ಲಿ ಆಡಿದ ಮಾತು. ಗಾಂಧೀಜಿಗೆ ಗುಂಡು ಬಿದ್ದು ಕೆಲವೇ ಗಂಟೆ ಆಗಿತ್ತು. ಬರೆದುಕೊಳ್ಳಲು ಸಮಯವಿಲ್ಲ. ನಮ್ಮ ಬದುಕಿನ ಬೆಳಕು ಆರಿಹೋಗಿದೆ, ಎಲ್ಲೆಲ್ಲೂ ಕತ್ತಲೆ ಅಂತ ಶುರುಮಾಡುತ್ತಾರೆ. ನಿಮಗೆ ಏನು ಹೇಳಲಿ, ಹೇಗೆ ಹೇಳಲಿ ಗೊತ್ತಾಗುತ್ತಿಲ್ಲ ಅನ್ನುತ್ತಾರೆ. ಬಾಪು ಇನ್ನಿಲ್ಲ ಅನ್ನುತ್ತಾರೆ. ಮರುಕ್ಷಣ, ಹಾಗೆ ಹೇಳಿದ್ದು ತಪ್ಪೇನೋ ಅನ್ನುತ್ತಾರೆ. ಇಷ್ಟು ವರ್ಷ ನೋಡಿದ ಹಾಗೆ ಇನ್ನು ಅವರನ್ನು ನೋಡಲಾರೆವು, ಸಲಹೆ ಕೇಳಲು ಓಡಿಹೋಗಲಾರೆವು.

ಸ್ವಲ್ಪ ಹೊತ್ತಿನ ಮೇಲೆ ಮೊದಲ ವಾಕ್ಯಕ್ಕೇ ಮರಳುತ್ತಾರೆ. ಬೆಳಕು ಆರಿಹೋಗಿದೆ ಅಂದೆ, ಆದರೆ ನಾನು ಹೇಳಿದ್ದು ತಪ್ಪು. ಈ ದೇಶದಲ್ಲಿ ಬೆಳಗಿದ್ದು ಸಾಮಾನ್ಯ ಬೆಳಕಲ್ಲ. ಸಾವಿರ ವರ್ಷವಾದರೂ ಅದು ಈ ದೇಶದಲ್ಲಿ ಕಾಣುತ್ತದೆ, ಜಗತ್ತೂ ಅದನ್ನು ಕಾಣುತ್ತದೆ.

ಇಲ್ಲಿ ಏನಾಯಿತು ನೋಡಿ. ‘ಬೆಳಕು ಆರಿತು’ ಅನ್ನುವುದು ಯಾರು ಸತ್ತರೂ ಹೇಳುವ ಮಾತು. ಸವೆದುಹೋದ ರೂಪಕ. ಅದನ್ನೇ ಹಿಡಿದು, ದೇಶದ ಜನ ಕೇಳುತ್ತಿರುವಾಗ, ಒಬ್ಬ ಪ್ರಧಾನಿ ತನ್ನ ಮಾತನ್ನು ತಾನೇ ಅಲ್ಲಗಳೆದರು. ಆ ಅಲ್ಲಗಳೆಯುವಿಕೆಯಿಂದ ಸವೆದ ರೂಪಕಕ್ಕೆ ಜೀವ ಬಂತು. ಮೊದಲೇ ಯೋಚಿಸಿ ಬರೆದಿದ್ದರೆ ನೇರವಾಗಿ ‘ಬೆಳಕು ಆರಿಲ್ಲ’ ಅಂತಲೇ ಬರೆಯುತ್ತಿದ್ದರೇನೋ. ಆಗ ಅದು ಬರೀ ಸಮಾಧಾನದ ಮಾತು. ಕತ್ತಲೆಯಿಂದ ಬೆಳಕಿಗೆ ದಾಟಿದ್ದು ನಮ್ಮ ಕಿವಿಯೆದುರೇ ನಡೆದದ್ದರಿಂದ ನಾವೂ ಜೊತೆಗೆ ದಾಟುತ್ತೇವೆ. ಅಷ್ಟಕ್ಕೇ ನಿಲ್ಲದೆ, ಸಿಟ್ಟಿನಿಂದ ಯಾರೂ ಕೈ ಮೀರಿ ನಡೆಯಬಾರದು ಅಂತ ಎಚ್ಚರಿಸಿದರು. ದೇಶ ಆಗಲೇ ಗಲಭೆಯಲ್ಲಿ ಬೆಂದಿತ್ತು. ಕೊನೆಗೆ ಮರುದಿನದ ಮೆರವಣಿಗೆ, ಯಮುನಾ ತೀರದ ಅಂತ್ಯಸಂಸ್ಕಾರದ ವಿವರ ಕೊಟ್ಟರು. ಸಾವಿನ ಮನೆಯಲ್ಲಿ ಹಿರಿಮಗ ಅಳುತ್ತಲೇ ಕೆಲಸ ಹಂಚಿದ ಹಾಗೆ.

ಈಗ ಒಂದು ಕಹಿ ವಿಷಯ. ಹಿಟ್ಲರ್ ಕೂಡ ಇದೇ ಸಾಧನಗಳನ್ನು ಬಳಸಿದ. ಮೆಲ್ಲಗೆ ಶುರುಮಾಡುವುದು, ನಿಲ್ಲಿಸುವುದು, ಏರಿಸುವುದು, ಹೇಳಿದ್ದನ್ನೇ ಹೇಳುವುದು. ಜನ ಮೈಮರೆತರು. ಹಾಗಾದರೆ ಕಾವ್ಯಗುಣ ಅನ್ನುವುದು ಬರೀ ಮೋಡಿಯೇ? ನಾನು ಒಪ್ಪುವುದಿಲ್ಲ. ದ್ವೇಷದ ಭಾಷಣದಲ್ಲಿ ಮರಳಿ ಬರುವ ಮಾತು ಜೋರಾಗುತ್ತದೆ, ಬೆಳೆಯುವುದಿಲ್ಲ. ಮೊದಲ ಸಲ ‘ಅವರೇ ಕಾರಣ’, ಹತ್ತನೆಯ ಸಲವೂ ‘ಅವರೇ ಕಾರಣ’. ಕೇಳುಗನಿಗೆ ಅದು ಏನನ್ನೂ ಹೊರಿಸುವುದಿಲ್ಲ, ಇರುವ ಹೊಣೆಯನ್ನೂ ಇಳಿಸುತ್ತದೆ. ಲಿಂಕನ್ 1865ರ ಮಾರ್ಚ್ 4ರಂದು ಎರಡನೆಯ ಸಲ ಪ್ರಮಾಣವಚನ ತೆಗೆದುಕೊಂಡಾಗ ಅವರ ಸೈನ್ಯ ಗೆಲುವಿನ ಅಂಚಿನಲ್ಲಿತ್ತು. ಎದುರಾಳಿಯನ್ನು ಜರೆಯಲು ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ಆದರೆ ಅವರು, ಇಬ್ಬರೂ ಓದುವುದು ಅದೇ ಬೈಬಲ್, ಬೇಡುವುದು ಅದೇ ದೇವರನ್ನು ಅಂದರು. ಗುಲಾಮಗಿರಿಯ ಪಾಪವನ್ನು ಉತ್ತರ, ದಕ್ಷಿಣ ಎರಡರ ಮೇಲೂ ಇಟ್ಟರು. ಉದ್ದುದ್ದ ವಾಕ್ಯಗಳ ನಡುವೆ ‘ಮತ್ತು ಯುದ್ಧ ಬಂತು’ ಅಂತ ಒಂದು ಪುಟ್ಟ ವಾಕ್ಯ. ಯಾರು ತಂದರು ಅಂತ ಬೆರಳು ತೋರಿಸಲಿಲ್ಲ.

ಕೊನೆಯದಾಗಿ ಅಂಬೇಡ್ಕರ್. 1949ರ ನವೆಂಬರ್ 25, ಸಂವಿಧಾನ ಸಭೆ. ಅಂಬೇಡ್ಕರ್ ಮಾತಿನಲ್ಲಿ ಕಾವ್ಯ ಹುಡುಕುವವರು ಕಡಿಮೆ. ವಕೀಲರ ಮಾತು, ತರ್ಕದ ಮಾತು ಅಂತ ಬದಿಗಿಡುತ್ತಾರೆ. ಆ ಭಾಷಣದ ಕೊನೆಯ ಭಾಗಕ್ಕೆ ಕಿವಿಗೊಡಿ. ಅಲ್ಲಿ ಒಂದು ದಿನಾಂಕವೇ ಪಲ್ಲವಿಯಾಗಿದೆ.

1950ರ ಜನವರಿ 26ರಂದು ಭಾರತ ಸ್ವತಂತ್ರ ದೇಶವಾಗಲಿದೆ. ಆ ಸ್ವಾತಂತ್ರ್ಯದ ಗತಿ ಏನು? ಉಳಿಸಿಕೊಳ್ಳುತ್ತದೋ, ಮತ್ತೆ ಕಳೆದುಕೊಳ್ಳುತ್ತದೋ? ಇದು ಮೊದಲ ಚಿಂತೆ. ಹಿಂದೆ ನಮ್ಮವರೇ ದ್ರೋಹ ಮಾಡಿ ಸ್ವಾತಂತ್ರ್ಯ ಕಳೆದದ್ದನ್ನು ಇತಿಹಾಸದಿಂದ ಒಂದೊಂದಾಗಿ ತೆಗೆದು ಇಡುತ್ತಾರೆ. ಮತ್ತೆ ಅದೇ ದಿನಾಂಕ. 1950ರ ಜನವರಿ 26ರಂದು ಭಾರತ ಪ್ರಜಾಪ್ರಭುತ್ವದ ದೇಶವಾಗಲಿದೆ. ಅದರ ಗತಿ ಏನು? ಉಳಿಸಿಕೊಳ್ಳುತ್ತದೋ, ಮತ್ತೆ ಕಳೆದುಕೊಳ್ಳುತ್ತದೋ? ಈ ಭಾಗದಲ್ಲೇ ಆ ಹೆಸರಾಂತ ಎಚ್ಚರಿಕೆ ಬರುವುದು. ಧರ್ಮದಲ್ಲಿ ಭಕ್ತಿ ಆತ್ಮದ ಮುಕ್ತಿಗೆ ದಾರಿಯಾಗಬಹುದು, ರಾಜಕೀಯದಲ್ಲಿ ಭಕ್ತಿ ಅಧಃಪತನಕ್ಕೆ, ಕೊನೆಗೆ ಸರ್ವಾಧಿಕಾರಕ್ಕೆ ಖಚಿತವಾದ ದಾರಿ.

ಮೂರನೆಯ ಸಲ ದಿನಾಂಕ ಬರುತ್ತದೆ. ಎರಡು ಸಲ ಕೇಳಿದ ಕಿವಿಗೆ ಈಗ ಮುಂದೇನು ಬರುತ್ತದೆ ಅನ್ನುವ ನಿರೀಕ್ಷೆ ಹುಟ್ಟಿದೆ. ಭಾರತ ಇನ್ನೊಂದು ಏನೋ ಆಗಲಿದೆ ಅಂತ ಕಾಯುತ್ತೇವೆ. ಬರುವುದು ಬೇರೆ. 1950ರ ಜನವರಿ 26ರಂದು ನಾವು ವೈರುಧ್ಯಗಳ ಬದುಕಿಗೆ ಕಾಲಿಡಲಿದ್ದೇವೆ. ರಾಜಕೀಯದಲ್ಲಿ ಸಮಾನತೆ ಇರುತ್ತದೆ, ಸಾಮಾಜಿಕ, ಆರ್ಥಿಕ ಬದುಕಿನಲ್ಲಿ ಅಸಮಾನತೆ ಇರುತ್ತದೆ. ಮೊದಲೆರಡು ಸಲ ಮಾತು ‘ಭಾರತ’ದ್ದು. ಮೂರನೆಯ ಸಲ ‘ನಾವು’. ಹಬ್ಬದ ದಿನವಾಗಿ ಶುರುವಾದ ತಾರೀಖು ಪರೀಕ್ಷೆಯ ದಿನವಾಗಿ ನಿಂತಿತು. ಆಮೇಲೆ ಒಂದರ ಹಿಂದೆ ಒಂದು ಪ್ರಶ್ನೆ. ಈ ವೈರುಧ್ಯದ ಬದುಕನ್ನು ಇನ್ನೆಷ್ಟು ಕಾಲ ಬದುಕುತ್ತೇವೆ? ಸಮಾನತೆಯನ್ನು ಇನ್ನೆಷ್ಟು ಕಾಲ ನಿರಾಕರಿಸುತ್ತೇವೆ?

ಕೆರೆಯ ನೀರು ಮುಟ್ಟಲು ಹೋರಾಡಬೇಕಾಗಿ ಬಂದ ಮನುಷ್ಯ ಇದನ್ನು ಹೇಳುತ್ತಿದ್ದಾರೆ. ತಮ್ಮ ಕಥೆಯನ್ನು ಒಂದು ಮಾತಿನಲ್ಲೂ ತರದೆ, ಬರೀ ತಾರೀಖು ಮತ್ತು ಪ್ರಶ್ನೆಗಳಿಂದ ಇಷ್ಟನ್ನು ಕಟ್ಟಿದ್ದಾರೆ. ಸಂವಿಧಾನ ಸಭೆಯ ನಡಾವಳಿಯಲ್ಲಿ ಈ ಭಾಷಣ ಪೂರ್ತಿ ಸಿಗುತ್ತದೆ. ದಯವಿಟ್ಟು ಒಮ್ಮೆ ಗಟ್ಟಿಯಾಗಿ ಓದಿ. ಮಕ್ಕಳ ಕೈಲೂ ಓದಿಸಿ.

ಉಪನ್ಯಾಸ ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಅದರಲ್ಲಿ ಒಂದನ್ನು ಇಲ್ಲಿ ಸೇರಿಸಬೇಕು. ಭಾಷಣ ಬರೆದುಕೊಡುವವರು ಬೇರೆ ಇರುತ್ತಾರಲ್ಲ ಸರ್, ಆಗ ಆ ಕಾವ್ಯ ಯಾರದ್ದು ಅಂತ ಒಬ್ಬ ಹುಡುಗಿ ಕೇಳಿದಳು. ಅದಕ್ಕೆ ನಾನು ಲಿಂಕನ್ ಅವರ ಮೊದಲ ಪ್ರಮಾಣವಚನದ ಭಾಷಣದ ಉದಾಹರಣೆ ಕೊಟ್ಟೆ. 1861ರ ಮಾರ್ಚ್ 4. ಭಾಷಣದ ಕೊನೆ ಬಿಗಿಯಾಯಿತು, ಸ್ವಲ್ಪ ಮೆತ್ತಗಾಗಲಿ ಅಂತ, ಲಿಂಕನ್ ಅವರ ವಿದೇಶಾಂಗ ಮಂತ್ರಿಯಾಗಲಿದ್ದ ವಿಲಿಯಂ ಸೀವರ್ಡ್ ತಾವೇ ಕೆಲವು ಸಾಲು ಬರೆದುಕೊಟ್ಟರು. ಅದರಲ್ಲಿ ರಾಷ್ಟ್ರವನ್ನು ಕಾಯುವ ದೇವತೆಯ ಮಾತಿತ್ತು. ಲಿಂಕನ್ ಸಲಹೆಯನ್ನು ಒಪ್ಪಿದರು, ಸಾಲುಗಳನ್ನು ಮಾತ್ರ ಒಂದೊಂದಾಗಿ ತಿದ್ದಿದರು. ರಾಷ್ಟ್ರವನ್ನು ಕಾಯುವ ದೇವತೆ ಹೋಗಿ ‘ನಮ್ಮ ಸ್ವಭಾವದೊಳಗಿನ ಒಳ್ಳೆಯ ದೇವತೆಗಳು’ ಬಂದವು. ಎಲ್ಲೋ ಮೇಲಿದ್ದು ಕಾಯಬೇಕಿದ್ದದ್ದು ಕೇಳುಗರ ಒಳಗೇ ಬಂದು ಕೂತಿತು. ಕರಡು ಸೀವರ್ಡ್‌ದು, ಕವಿತೆ ಲಿಂಕನ್‌ದು ಅಂದೆ. ಆ ಮಾತು ಯುದ್ಧವನ್ನು ತಡೆಯಿತೇ ಅಂತ ಅವಳು ಮತ್ತೆ ಕೇಳಿದಳು. ತಡೆಯಲಿಲ್ಲ. ಏಪ್ರಿಲ್ 12ಕ್ಕೆ ಫೋರ್ಟ್ ಸಮ್ಟರ್ ಕೋಟೆಯ ಮೇಲೆ ದಕ್ಷಿಣದವರ ಗುಂಡು ಬಿದ್ದವು, ಯುದ್ಧ ಶುರುವಾಯಿತು. ನಾಲ್ಕು ವರ್ಷ ಯುದ್ಧ ಮಾಡಿ ಬಂದ ಮೇಲೂ, 1865ರಲ್ಲಿ ಅದೇ ಪ್ರಮಾಣವಚನಕ್ಕೆ ಎದ್ದು ನಿಂತಾಗ, ಲಿಂಕನ್ ಆಡಿದ್ದು ಯಾರ ಮೇಲೂ ಹಗೆ ಬೇಡ, ಎಲ್ಲರ ಮೇಲೂ ಕರುಣೆ ಇರಲಿ ಅನ್ನುವ ಮಾತನ್ನೇ.